ಗೊಂಬೆಯ ಲಂಗ

2023ರ ನವೆಂಬರ್ ಮೊದಲ ವಾರ ಬೆಂಗಳೂರಿನಿಂದ ಮಗಳ ಫೋನು ಬಂತು. ಮೊಮ್ಮಗಳಿಗೆ 26ನೇ ತಾರೀಖು ಐದು ತುಂಬುತ್ತದೆ, ಮರುದಿನವೇ ಗೌರಿ ಹುಣ್ಣಿಮೆ, ಎರಡನ್ನೂ ಹಾವೇರಿಯಲ್ಲೇ ಮುಗಿಸಿಕೊಂಡು ಹೋಗುತ್ತೇವೆ ಎಂದಳು. ನನಗೆ ಸಂತೋಷವಾಯಿತು. ಆಮೇಲೆ, ಮರೆತಿದ್ದು ಈಗ ನೆನಪಾಯಿತು ಎನ್ನುವ ಧಾಟಿಯಲ್ಲಿ, "ಅಕೀಗೆ ಗೊಂಬಿ ಕೇಕ್ ಬೇಕಂತ, ಅವ್ವಾ. ಬೇಕರಿಯಿಂದ ತರಸಬ್ಯಾಡ, ನೀನ ಮಾಡು. ನನಗಂತೂ ಮಾಡಿಕೊಡಲಿಲ್ಲ" ಎಂದು ನಕ್ಕು ಫೋನು ಇಟ್ಟಳು.

ನಗುತ್ತ ಹೇಳಿದ ಮಾತೇ ಇರಬಹುದು. ಆದರೆ ಇಪ್ಪತ್ಮೂರು ವರ್ಷ ಕಾಯ್ದಿಟ್ಟ ಮಾತು ಅದು.

ಗೊಂಬೆ ಕೇಕು ಕಂಡಿರದವರಿಗೆ ಸ್ವಲ್ಪ ಹೇಳಬೇಕು. ಮಗುಚಿಟ್ಟ ಬೋಗುಣಿಯಂಥ ಎತ್ತರದ ಕೇಕು. ಅದರ ನೆತ್ತಿಯ ಮೇಲೊಂದು ತೂತು. ಆ ತೂತಿನಲ್ಲಿ ಒಂದು ಗೊಂಬೆಯನ್ನು ಸೊಂಟದವರೆಗೆ ಇಳಿಸಿರುತ್ತಾರೆ. ಹೊರಗೆ ಕಾಣುವುದು ಮುಖ, ಕೈ, ಕೂದಲು. ಕೆಳಗಿನ ಕೇಕೇ ಅವಳ ಲಂಗ. ಅದಕ್ಕೆ ಬೆಣ್ಣೆ ಸಕ್ಕರೆಯ ನಿರಿಗೆ, ಹೂವು, ಅಂಚು. 2000ದ ಜನವರಿಯಲ್ಲಿ ನಮ್ಮ ಓಣಿಗೆ ವರ್ಗವಾಗಿ ಬಂದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ತಮ್ಮ ಮಗಳಿಗಾಗಿ ಹುಬ್ಬಳ್ಳಿಯಿಂದ ಅಂಥದೊಂದನ್ನು ತರಿಸಿದ್ದರು. ಅಲ್ಲಿಂದ ನನ್ನ ಮಗಳು ಗುಲಾಬಿ ಬಣ್ಣದ ತುಟಿ ಮಾಡಿಕೊಂಡು ಓಡಿಬಂದಳು. ಹದಿನೈದು ದಿನಕ್ಕೆ ಅವಳಿಗೆ ಆರು ತುಂಬುವುದಿತ್ತು. "ನನಗೂ" ಎಂದಳು.

ನಾನು ಪಾಠ ಮಾಡಿದೆ. ಮಾಸ್ತರಿಕೆಯ ರೋಗವೇ ಅದು. ಇಲ್ಲ ಎನ್ನುವ ಎರಡಕ್ಷರಕ್ಕೆ ನಲವತ್ತು ನಿಮಿಷದ ಪೀಠಿಕೆ ಬೇಕು. ನಾವು ದೀಪ ಹಚ್ಚುವವರು, ಆರಿಸುವವರಲ್ಲ, ಕೇಕು ನಮ್ಮದಲ್ಲ, ಗೊಂಬೆಯನ್ನು ಕೂಡಿಸಿ ಪೂಜೆ ಮಾಡುತ್ತೇವೆಯೇ ಹೊರತು ಚಾಕು ಹಾಕಿ ತಿನ್ನುವುದಿಲ್ಲ. ಇದನ್ನೆಲ್ಲ ಅವಳ ನಾಲ್ವರು ಗೆಳತಿಯರ ಮುಂದೆಯೇ ಹೇಳಿದೆ. ಹುಟ್ಟಿದ ದಿನ ಹೋಳಿಗೆ ಮಾಡಿದೆ. ಸುಮ್ಮನೆ ತಿಂದಳು. ಅತ್ತಿದ್ದರೆ ನಾನು ಮರೆತೇಬಿಡುತ್ತಿದ್ದೆನೇನೋ.

ಬಾಯಿಬಿಟ್ಟು ಹೇಳದ ಕಾರಣ ಬೇರೆಯೇ ಇತ್ತು. ನನಗೆ ಕೇಕು ಮಾಡಲು ಬರುತ್ತಿರಲಿಲ್ಲ. ಹುಬ್ಬಳ್ಳಿಯಿಂದ ತರಿಸಲು ಆ ತಿಂಗಳು ಕೈಯಲ್ಲಿ ದುಡ್ಡೂ ಇರಲಿಲ್ಲ. ಗೊತ್ತಿಲ್ಲ, ಆಗುವುದಿಲ್ಲ ಎನ್ನಲು ನಾಚಿ ಸಂಸ್ಕೃತಿಯನ್ನು ಅಡ್ಡ ಹಿಡಿದೆ. ಇತಿಹಾಸ ಕಲಿಸುವವಳಾಗಿ, ಇತಿಹಾಸವನ್ನು ನೋಡದೆಯೇ ತೀರ್ಪು ಕೊಟ್ಟಿದ್ದೆ. ಹೀಗಾಗಿ ಮಗಳ ಫೋನು ಬಂದ ದಿನ ಮೈದಾ ತರುವ ಮೊದಲು ಪುಸ್ತಕ ತೆಗೆದು ಕೂತೆ.

ಹುಟ್ಟುಹಬ್ಬ ನಮ್ಮದಲ್ಲ ಎಂದೆನಲ್ಲ, ಅದು ಅರ್ಧ ನಿಜ. ನಕ್ಷತ್ರ ನೋಡಿ ಎಣ್ಣೆ ನೀರು ಹಾಕಿ ಆರತಿ ಎತ್ತುವ ಮನೆಗಳಿದ್ದವು. ಮೈಸೂರಿನಲ್ಲಿ ಮಹಾರಾಜರ ವರ್ಧಂತಿ ಊರ ಹಬ್ಬವೇ ಆಗಿತ್ತು. ಆದರೆ ಹೊಲ ಮನೆ ಎಂದು ದುಡಿಯುವ ಮನೆಗಳಲ್ಲಿ ಮಕ್ಕಳು ಹುಟ್ಟಿದ ದಿನವನ್ನು ಬರೆದಿಟ್ಟವರು ಯಾರು? ಶಾಲೆಯ ದಾಖಲೆಯಂತೆ ನನ್ನ ಜನ್ಮದಿನ ಜೂನ್ 1, 1970. ನಮ್ಮವ್ವ ಹೇಳುತ್ತಿದ್ದುದು, "ನೀ ಹುಟ್ಟಿದಾಗ ಮಗಿ ಮಳಿ ಹಿಡಕೊಂಡಿತ್ತು" ಎಂದು. ಮಘಾ ಮಳೆ ಆಗಸ್ಟ್ ಕೊನೆಗೆ ಬರುವಂಥದು. ಶಾಲೆಗೆ ಹೆಸರು ಹಚ್ಚಲು ಕರೆದೊಯ್ದಾಗ ಹೆಡ್ ಮಾಸ್ತರರು ನನ್ನ ಎತ್ತರ ನೋಡಿ ಜೂನ್ 1 ಎಂದು ಬರೆದುಕೊಂಡರು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕಲ್ಲ! ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಜರಿ ಪುಸ್ತಕ ತೆಗೆದರೆ ಅರ್ಧ ತರಗತಿಯೇ ಒಂದೇ ದಿನ ಹುಟ್ಟಿದಂತೆ ಇರುತ್ತಿತ್ತು. ಜನನ ಮರಣ ನೋಂದಣಿಯ ಕಾಯದೆ 1969ರಲ್ಲೇ ಬಂದಿತ್ತು. ನಮ್ಮ ಹಳ್ಳಿಗಳವರೆಗೆ ನಡೆದು ಬರಲು ಅದಕ್ಕೆ ಬಹಳ ವರ್ಷ ಹಿಡಿಯಿತು. ಹುಟ್ಟಿದ ದಿನವೇ ಇರದವರಿಗೆ ಹುಟ್ಟುಹಬ್ಬ ಎಲ್ಲಿಯದು? ನನ್ನ ಮಗಳಿಗೆ ಅದು ಇತ್ತು, ಆಸ್ಪತ್ರೆಯ ಚೀಟಿಯಲ್ಲಿ ಗಂಟೆ ನಿಮಿಷದ ಸಮೇತ. ಅದನ್ನು ಹೇಗೆ ಆಚರಿಸಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೇಕಿನ ಮೇಲೆ ಮೇಣದಬತ್ತಿ ಹಚ್ಚುವ ಪದ್ಧತಿ ಜರ್ಮನಿಯದು. 1746ರಲ್ಲಿ ಜಿಂಜೆಂಡಾರ್ಫ್ ಎಂಬ ಸರದಾರನ ಹುಟ್ಟುಹಬ್ಬಕ್ಕೆ ದೊಡ್ಡದೊಂದು ಕೇಕು ಮಾಡಿ, ಅವನ ವಯಸ್ಸಿನಷ್ಟು ತೂತು ಕೊರೆದು, ಒಂದೊಂದರಲ್ಲಿ ಒಂದೊಂದು ಬತ್ತಿ ನಿಲ್ಲಿಸಿದ್ದರಂತೆ. ಅದು ದೊರೆಮನೆಗಳ ಸಂಭ್ರಮ. ಸಾಮಾನ್ಯರ ಅಡಿಗೆಮನೆಗೆ ಕೇಕು ಇಳಿದದ್ದು ಮುಂದಿನ ಶತಮಾನದಲ್ಲಿ, ಕಬ್ಬಿಣದ ಒಲೆ, ಬೇಕಿಂಗ್ ಪೌಡರು, ಅಗ್ಗದ ಸಕ್ಕರೆ ಮೂರೂ ಕೂಡಿ ಬಂದಾಗ. ಆ ಅಗ್ಗದ ಸಕ್ಕರೆಯ ಮಾತು ಬಂದರೆ ಗಂಟಲಲ್ಲಿ ಸಿಹಿ ಇಳಿಯುವುದಿಲ್ಲ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರು ಸತ್ತು ಸುಣ್ಣವಾಗಿ ಬೆಳೆದ ಸಕ್ಕರೆ ಅದು. ಬ್ರಿಟಿಷರು ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದುಹಾಕಿದ್ದು 1833ರಲ್ಲಿ.

ಇನ್ನು ಗೊಂಬೆ. ಬಾರ್ಬಿ ಎಂಬ ಹೆಸರಿನ ಗೊಂಬೆ 1959ರಲ್ಲಿ ಅಮೆರಿಕದಲ್ಲಿ ಹುಟ್ಟಿದಳು, ರೂತ್ ಹ್ಯಾಂಡ್ಲರ್ ಎಂಬ ಹೆಣ್ಣುಮಗಳ ಕಲ್ಪನೆಯಲ್ಲಿ. ಗೊಂಬೆ ಕೇಕೂ ಅವಳ ಜೊತೆಗೇ ಬಂದಿರಬೇಕೆಂದು ನಾನು ತಿಳಿದಿದ್ದೆ. ಆದರೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಈ ಕೇಕನ್ನು ಇವತ್ತಿಗೂ 'ಡಾಲಿ ವಾರ್ಡನ್ ಕೇಕು' ಎನ್ನುತ್ತಾರೆ. ಲಂಗದ ಆಕಾರದ ಅದರ ಡಬ್ಬಿಗೂ ಅದೇ ಹೆಸರು. 1980ರಲ್ಲಿ 'ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ' ಮಕ್ಕಳ ಹುಟ್ಟುಹಬ್ಬದ ಕೇಕುಗಳ ಪುಸ್ತಕವೊಂದನ್ನು ತಂದಿತು. ಅಲ್ಲಿಯ ಒಂದು ಇಡೀ ಪೀಳಿಗೆಯ ಮಕ್ಕಳು ಅದರ ಪುಟ ತಿರುವುತ್ತ ತಮ್ಮ ಕೇಕನ್ನು ಆರಿಸಿಕೊಂಡು ಬೆಳೆದರು. ಅದರಲ್ಲಿ ಈ ಡಾಲಿಯೂ ಇದ್ದಾಳೆ.

ಡಾಲಿ ವಾರ್ಡನ್ ಯಾರು? ಬಿ.ಎ.ಯಲ್ಲಿ ಡಿಕನ್ಸನ ಒಂದು ಕಾದಂಬರಿಯನ್ನು ಪರೀಕ್ಷೆಗಾಗಿ ಓದಿ ಮರೆತ ನನಗೆ ಆಶ್ಚರ್ಯವೇ ಆಯಿತು. ಅವಳು ಡಿಕನ್ಸನ 'ಬಾರ್ನಬಿ ರಜ್' ಕಾದಂಬರಿಯ ಹುಡುಗಿ, ಲಂಡನ್ನಿನ ಒಬ್ಬ ಬೀಗ ಮಾಡುವವನ ಮಗಳು. ಕಾದಂಬರಿ 1841ರಲ್ಲಿ ಧಾರಾವಾಹಿಯಾಗಿ ಬಂತು. ಕಥೆ ನಡೆಯುವುದು 1780ರ ಲಂಡನ್ ದಂಗೆಯ ಸುತ್ತ. ಚೆಲುವೆ, ಸ್ವಲ್ಪ ಬಿಂಕದವಳು, ಬಣ್ಣದ ಬಟ್ಟೆಯ ಹುಚ್ಚಿನವಳು. 1870ರಲ್ಲಿ ಡಿಕನ್ಸ್ ತೀರಿಕೊಂಡ ಮೇಲೆ ಅವನಲ್ಲಿದ್ದ ಅವಳ ಚಿತ್ರ ಹರಾಜಿಗೆ ಬಂತು. ಅದೇ ಕಾಲಕ್ಕೆ 'ಡಾಲಿ ವಾರ್ಡನ್' ಎಂಬ ಉಡುಪಿನ ಗೀಳು ಇಂಗ್ಲೆಂಡ್, ಅಮೆರಿಕಗಳಲ್ಲೆಲ್ಲ ಹಬ್ಬಿತು. ಹೂವಿನ ಬಟ್ಟೆಯ ಮೇಲ್ಲಂಗವನ್ನು ಅಲ್ಲಲ್ಲಿ ಎತ್ತಿ ಕಟ್ಟಿ ಒಳಗಿನ ಬಣ್ಣದ ಲಂಗ ಕಾಣುವಂತೆ ಬಿಡುವುದು, ತಲೆಗೆ ಚಪ್ಪಟೆ ಹುಲ್ಲಿನ ಟೊಪ್ಪಿಗೆ. ಹಾಡಿಗೆ, ಮೀನಿಗೆ, ಕೇಕಿಗೆ ಎಲ್ಲದಕ್ಕೂ ಅವಳ ಹೆಸರೇ. ಆಗಿನ ಡಾಲಿ ಕೇಕು ಒಣಹಣ್ಣು ಮಸಾಲೆ ಹಾಕಿದ ಪದರಗಳದ್ದು, ಲಂಗವಾದದ್ದು ಆಮೇಲೆ.

ಆ ಹೂವಿನ ಬಟ್ಟೆ ಎಂದೆನಲ್ಲ, ಅದಕ್ಕೆ ಇಂಗ್ಲಿಷರು ಚಿಂಟ್ಸ್ ಎನ್ನುತ್ತಾರೆ. ನಮ್ಮ ಚೀಟಿ ಬಟ್ಟೆ! ಕೋರಮಂಡಲ ಕರಾವಳಿಯ ಕೈಗಳು ಬಣ್ಣ ಹಾಕಿದ ಈ ಅರಿವೆಯ ಮೋಹಕ್ಕೆ ಇಂಗ್ಲೆಂಡಿನ ಹೆಂಗಸರು ಎಷ್ಟು ಸಿಕ್ಕಿದರೆಂದರೆ, ಅಲ್ಲಿಯ ನೇಕಾರರು ಗಲಾಟೆ ಎಬ್ಬಿಸಿ, 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆಗಳನ್ನು ಉಡಬಾರದೆಂದು ಪಾರ್ಲಿಮೆಂಟೇ ಕಾಯದೆ ಮಾಡಬೇಕಾಯಿತು. ಅದನ್ನು ತೆಗೆದದ್ದು 1774ರಲ್ಲಿ, ಅವರ ಯಂತ್ರಗಳು ತಯಾರಾಗುವ ಹೊತ್ತಿಗೆ. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಪ್ರತಿ ವರ್ಷ ಇದನ್ನು ಹೇಳುತ್ತೇನೆ. ಆ ಹೂವುಗಳು ಗೊಂಬೆ ಕೇಕಿನ ಲಂಗದ ಮೇಲೆ ಕೂತಿವೆ ಎಂದು ಮಾತ್ರ ಹೊಳೆದಿರಲಿಲ್ಲ. ಹಾಗೆಂದು "ಎಲ್ಲವೂ ನಮ್ಮಿಂದಲೇ ಹೋದದ್ದು" ಎಂದು ಭಾಷಣ ಮಾಡುವವರ ಸಾಲಿಗೆ ನಾನು ಸೇರಲಾರೆ. ಕೇಕು ಅವರದು, ಒಲೆ ಅವರದು, ಡಾಲಿಯೂ ಅವರವಳೇ. ಬಟ್ಟೆಯ ಹೂವು ಮಾತ್ರ ಹಾದಿ ತಪ್ಪಿ ಹೋಗಿ ಅಲ್ಲಿ ನೆಲೆನಿಂತದ್ದು.

ಓದು ಸಾಕಾಯಿತು, ಕೆಲಸಕ್ಕೆ ಇಳಿಯಬೇಕಿತ್ತು. ಮೊದಲ ತೊಡಕು ತತ್ತಿಯದು. ನಮ್ಮ ಅತ್ತೆಯವರಿಗೆ ಎಂಬತ್ತಮೂರು. ನಮ್ಮ ಅಡಿಗೆಮನೆಗೆ ತತ್ತಿ ಬಂದದ್ದಿಲ್ಲ, ಅವರಿರುವವರೆಗೆ ಬರುವುದೂ ಇಲ್ಲ. ಈ ತೊಡಕಿಗೆ ಪರಿಹಾರ ಹುಡುಕಿದವರಲ್ಲಿ ಬರ್ಮಿಂಗ್ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ ಒಬ್ಬ. ಅವನ ಹೆಂಡತಿಗೆ ತತ್ತಿಯೂ ಆಗದು, ಹುದುಗು ಹಾಕಿದ ಬ್ರೆಡ್ಡೂ ಆಗದು. ಅವಳಿಗಾಗಿ ಅವನು 1837ರಲ್ಲಿ ತತ್ತಿಯಿಲ್ಲದ ಕಸ್ಟರ್ಡ್ ಪುಡಿಯನ್ನೂ 1843ರಲ್ಲಿ ಬೇಕಿಂಗ್ ಪೌಡರನ್ನೂ ಮಾಡಿದ. ಹೆಂಡತಿಯ ಹೊಟ್ಟೆಯ ಚಿಂತೆಯಿಂದ ಇಂಥ ಉಪಕಾರ ಮಾಡಿದ ಗಂಡಸರು ಇತಿಹಾಸದಲ್ಲಿ ಬಹಳ ಇಲ್ಲ. ನಮ್ಮ ಕಡೆ ಕೇಕು ಮಡಿವಂತರ ಬಾಯಿಗೆ ಹತ್ತಿದ್ದು ಅಯ್ಯಂಗಾರ್ ಬೇಕರಿಗಳಿಂದ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಎಂಬವರು ಬೇಕರಿ ತೆರೆದರು. ಮುಂದೆ ಆ ಸೀಮೆಯವರು ಊರೂರಿಗೆ ಹೋಗಿ ಒಲೆ ಹೂಡಿ, ತತ್ತಿಯಿಲ್ಲದ ಕೇಕನ್ನು ಬಸ್‌ಸ್ಟ್ಯಾಂಡಿನ ಎದುರಿಗೇ ತಂದಿಟ್ಟರು.

ನಾನು ಮೊಸರಿನ ದಾರಿ ಹಿಡಿದೆ. ಒಂದು ಬಟ್ಟಲು ಗಟ್ಟಿ ಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ ಕದಡಿ, ಬೇಕಿಂಗ್ ಪೌಡರು ಒಂದೂಕಾಲು ಚಮಚ, ಅಡುಗೆ ಸೋಡಾ ಅರ್ಧ ಚಮಚ ಹಾಕಿದರೆ ಹುಳಿಯೂ ಸೋಡವೂ ಸೇರಿ ನೊರೆ ಏಳುತ್ತದೆ. ಆಗ ಅರ್ಧ ಬಟ್ಟಲು ಎಣ್ಣೆ, ಒಂದೂವರೆ ಬಟ್ಟಲು ಮೈದಾ. ನೊರೆ ಇಳಿಯುವುದರೊಳಗೆ ಒಲೆಗೆ ಹೋಗಬೇಕು. ನಮ್ಮಲ್ಲಿ ಓವನ್ ಇಲ್ಲ. ದೊಡ್ಡ ದಪ್ಪ ತಳದ ಪಾತ್ರೆಗೆ ಎರಡು ಬೆರಳು ಉಸುಕು ಹಾಸಿ, ಕಾಯಿಸಿ, ಅದರ ಮೇಲೆ ಕೇಕಿನ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಭಾರ ಹೇರಿದರೆ ಅದೇ ಓವನ್ನು.

ಲಂಗದ ಆಕಾರ ಬರಲೆಂದು ಆಳವಾದ ಸ್ಟೀಲಿನ ಬೋಗುಣಿಯಲ್ಲಿ ಒಮ್ಮೆಗೇ ಹೊಯ್ದೆ. ಮಗಳು ಬರುವ ಹಿಂದಿನ ದಿನ ಅದು. ಮುಕ್ಕಾಲು ಗಂಟೆಗೆ ಮೇಲೆಲ್ಲ ಕೆಂಪಗಾಗಿ ಘಮ ಘಮ ಎಂದಿತು. ತಾಟಿನ ಮೇಲೆ ಮಗುಚಿದೆ. ಲಂಗ ಒಂದು ಕ್ಷಣ ನಿಂತು, ನೆತ್ತಿ ಬಿರಿದು, ಒಳಗಿನ ಹಸಿ ಹಿಟ್ಟು ಜ್ವಾಲಾಮುಖಿಯಂತೆ ಹೊರಗೆ ಹರಿಯಿತು. ಒಂಬತ್ತನೆಯ ತರಗತಿಗೆ ತೋರಿಸಬೇಕಾದ ದೃಶ್ಯ! ಕೇಕಿನ ಹಿಟ್ಟು ಕಾವನ್ನು ಬಹಳ ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕಾಗಿಯೇ ಅಮೆರಿಕದ ಲಂಗದ ಡಬ್ಬಿಗೆ ನಡುವೆ ಒಂದು ಲೋಹದ ಕಡ್ಡಿ ನಿಲ್ಲಿಸಿರುತ್ತಾರೆ. ಆ ಕಡ್ಡಿ ಒಳಗಿನಿಂದಲೂ ಬೇಯಿಸುತ್ತದೆ. ಇದನ್ನು ನಾನು ಓದಿದ್ದು ಹಿಟ್ಟು ಹರಿದ ಮೇಲೆ.

ಅತ್ತೆಯವರು ಗೋಡೆ ಹಿಡಿದುಕೊಂಡು ಬಂದು ನಿಂತರು. "ಏನವಾ ಇದು, ಅಂಬಲಿ ಮಾಡಿಯೇನ?" ಎಂದರು. ನನಗೆ ಅಳು ಬರುವಂತಾಗಿತ್ತು. ಐವತ್ತು ದಾಟಿದವಳು ಕೇಕಿಗಾಗಿ ಅಳುವುದು ಶೋಭೆಯಲ್ಲ ಎಂದು ತಡೆದುಕೊಂಡೆ. ಯಾವ ಮುಖ ಹೊತ್ತು "ಬೇಕರಿಯಿಂದ ತರಿಸೋಣ" ಎಂದು ಮಗಳಿಗೆ ಹೇಳಲಿ? ಇಪ್ಪತ್ಮೂರು ವರ್ಷದ ಹಿಂದೆ ಇದೇ ಭಯಕ್ಕೆ ಸಂಸ್ಕೃತಿ ಎಂದು ಹೆಸರಿಟ್ಟಿದ್ದೆ. ಈ ಸಲ ಹೆಸರಿಡಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಅತ್ತೆಯವರ ಮುಂದೆ ಹೇಳಿಬಿಟ್ಟೆ, ಹಳೆಯದನ್ನೂ ಸೇರಿಸಿ.

ಅವರು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಟ್ಟದ ಮ್ಯಾಲಿನ ಸಕ್ಕರಿ ಗೊಂಬಿ ಅಚ್ಚು ಇಳಸು" ಎಂದರು.

ಗೌರಿ ಹುಣ್ಣಿಮೆ ಬಂತೆಂದರೆ ಹಾವೇರಿ, ಗದಗ, ಧಾರವಾಡದ ಕಡೆಯ ಪೇಟೆಗಳಲ್ಲಿ ಸಕ್ಕರೆ ಗೊಂಬೆಗಳ ಸಾಲು. ಆನೆ, ಒಂಟೆ, ತೇರು, ಬಸವಣ್ಣ, ಮಂಟಪ, ಗೌರಿ. ಹೆಣ್ಣುಮಕ್ಕಳು ಹೊಸ ಬಟ್ಟೆ ಉಟ್ಟು, ತಟ್ಟೆಯಲ್ಲಿ ಅವನ್ನಿಟ್ಟುಕೊಂಡು ಹೋಗಿ ಗೌರಿಗೆ ಸಕ್ಕರೆ ಆರತಿ ಬೆಳಗುತ್ತಾರೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಇವೂ ಬರುತ್ತವೆ. ಅತ್ತೆಯವರ ತವರಿನಿಂದ ಬಂದ ಕಟ್ಟಿಗೆಯ ಅಚ್ಚುಗಳು ನಮ್ಮಲ್ಲಿವೆ. ಆದರೆ ಅವರ ಕೈ ನಡುಗಲು ಶುರುವಾದಂದಿನಿಂದ ನಾವು ಪೇಟೆಯದನ್ನೇ ತರುತ್ತಿದ್ದೆವು. ಅಚ್ಚಿನ ಎರಡು ಹೋಳುಗಳನ್ನು ನೀರಿನಲ್ಲಿ ನೆನೆಹಾಕಿ, ಜೋಡಿಸಿ ದಾರದಿಂದ ಬಿಗಿದು, ಹಾಲು ಹಾಕಿ ಕಸ ತೆಗೆದ ಸಕ್ಕರೆ ಪಾಕವನ್ನು ಮೇಲಿನಿಂದ ಹೊಯ್ಯುವುದು. ಪಾಕ ಹಿಡಿಯುವುದರಲ್ಲಿದೆ ಎಲ್ಲವೂ. ಎಳಸಾದರೆ ಗೊಂಬೆ ಅಂಟುತ್ತದೆ, ಬಲಿತರೆ ಅಚ್ಚು ತುಂಬುವ ಮೊದಲೇ ಕಲ್ಲಾಗುತ್ತದೆ. ಅವರು ಸ್ಟೂಲಿನ ಮೇಲೆ ಕೂತು "ಈಗ... ಈಗ ಬ್ಯಾಡ... ಹ್ಞಾ, ಈಗ ಹೊಯ್ಯಿ" ಎನ್ನುತ್ತಿದ್ದರು. ಗೌರಿ ಹೊರಗೆ ಬಂದಳು, ಅಚ್ಚ ಬಿಳಿ, ನಿರಿಗೆ ನಿರಿಗೆಯ ಸೀರೆ, ಕೈಯಲ್ಲಿ ಕಮಲ. ಒಂದು ಕಿವಿ ಮಾತ್ರ ಮುರಿದಿತ್ತು.

ಪುಸ್ತಕದಲ್ಲಿ ಓದಿದ್ದೊಂದು ಆಗ ನೆನಪಾಯಿತು. ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನಕ್ಕೆ ಹೆಣ್ಣುಮಕ್ಕಳಿಗೆ ಸಕ್ಕರೆಯ ಗೊಂಬೆ, ಗಂಡುಮಕ್ಕಳಿಗೆ ಸಕ್ಕರೆಯ ಕುದುರೆ ಸವಾರ ಕೊಡುವ ರೂಢಿ. ಕಟ್ಟಿಗೆಯ ಅಚ್ಚು, ಕುದಿಯುವ ಪಾಕ, ಎಲ್ಲವೂ ನಮ್ಮಂತೆಯೇ. ಆಮೇಲೆ ಗೊಂಬೆಗೆ ಬಣ್ಣದ ಕಾಗದದ ಲಂಗ ತೊಡಿಸಿ, ಬೆನ್ನಿಗೆ ಕಾಗದದ ಬೀಸಣಿಗೆ ಕಟ್ಟುತ್ತಾರೆ. ಫಾತಿಮಿ ದೊರೆಗಳ ಕಾಲದಿಂದ, ಎಂದರೆ ಸುಮಾರು ಸಾವಿರ ವರ್ಷದಿಂದ ಬಂದದ್ದು ಎಂದು ಅಲ್ಲಿಯವರು ಹೇಳುತ್ತಾರೆ. ಈಚೆಗೆ ಅಲ್ಲಿಯೂ ಪ್ಲಾಸ್ಟಿಕ್ ಗೊಂಬೆಗಳು ಸಕ್ಕರೆಯವನ್ನು ಪಕ್ಕಕ್ಕೆ ಸರಿಸಿವೆ. ಅವರ ಗೊಂಬೆಗೂ ನಮ್ಮದಕ್ಕೂ ನಂಟು ಕಟ್ಟುವ ಉಸಾಬರಿ ನನಗೆ ಬೇಡ. ಆದರೆ ಅವರ 'ಸುಕ್ಕರ್', ಇಂಗ್ಲಿಷರ 'ಶುಗರ್' ಎರಡೂ ನಮ್ಮ 'ಶರ್ಕರ'ದ ಮಕ್ಕಳು ಎಂಬುದು ಖಾತ್ರಿ. ಜನ್ಮದಿನ, ಹೆಣ್ಣುಮಗು, ಸಕ್ಕರೆಯ ಗೊಂಬೆ, ಅದಕ್ಕೊಂದು ಲಂಗ. ಗೊಂಬೆಯನ್ನು ನಾವು ತಿನ್ನುವುದಿಲ್ಲ ಎಂದು ನಾನು ಮಗಳಿಗೆ ಪಾಠ ಹೇಳಿದ್ದೆ. ಅದಕ್ಕೆ ಎರಡೇ ತಿಂಗಳ ಹಿಂದೆ, ಹುಣ್ಣಿಮೆಯ ಮಾರನೆಯ ದಿನ, ಅದೇ ಮಗಳು ಆನೆಯ ಸೊಂಡಿಲು ಕಚ್ಚಿ ತಿಂದಿದ್ದಳು. ನಾನೇ ಕೈಯಲ್ಲಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಬುದ್ಧಿ ಬಂದು, ಅಗಲ ಕಡಿಮೆಯಾಗುತ್ತ ಹೋಗುವ ನಾಲ್ಕು ಪಾತ್ರೆಗಳಲ್ಲಿ ನಾಲ್ಕು ಕೇಕು ಬೇಯಿಸಿ, ಆರಿಸಿ, ಒಂದರ ಮೇಲೊಂದು ಪೇರಿಸಿದೆ. ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು. ಅದರಲ್ಲಿ ಕಾಲೇ ಏಳು ಇಂಚಿನಷ್ಟು. ಇಂಥ ಕಾಲು ದೇವರು ಯಾರಿಗೂ ಕೊಟ್ಟಿಲ್ಲ. ಚಾಕುವಿನಿಂದ ಅಂಚು ಕೆತ್ತಿ ಲಂಗದ ಇಳುಕಲು ತಂದೆ, ನಡುವೆ ತೂತು ಕೊರೆದೆ, ಗೊಂಬೆಯ ಕಾಲಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಇಳಿಸಿದೆ. ಬೆಣ್ಣೆಗೆ ಸಕ್ಕರೆ ಪುಡಿ ನಾದಿ ಬೀಟ್‌ರೂಟಿನ ರಸ ಬೆರೆಸಿದ್ದು ಮಧ್ಯಾಹ್ನದ ಬಿಸಿಲಿಗೆ ಜಾರತೊಡಗಿತು. ಫ್ರಿಜ್ಜಿನ ಒಂದು ತಟ್ಟೆ ತೆಗೆದು ಇಡೀ ಹೆಣ್ಣನ್ನು ಒಳಗೆ ನಿಲ್ಲಿಸಿ ಬಾಗಿಲು ಹಾಕಿದೆವು. ಹೂವುಗಳನ್ನು ಗೋಡಂಬಿ ಬರ್ಫಿಯ ಹಿಟ್ಟಿನಿಂದ ಅತ್ತೆಯವರು ಅಚ್ಚಿನ ಅಂಚಿಗೆ ಒತ್ತಿ ತೆಗೆದುಕೊಟ್ಟರು. ಅವರ ನಡುಗುವ ಕೈಗೆ ಒತ್ತುವ ಕೆಲಸ ಬರುತ್ತಿತ್ತು.

ಮಗಳು ಮಧ್ಯಾಹ್ನದ ರೈಲಿಗೆ ಬಂದಳು. ಕೇಕನ್ನು ನೋಡಿ ಏನೂ ಅನ್ನಲಿಲ್ಲ. ಫೋಟೋ ಕೂಡ ತೆಗೆಯಲಿಲ್ಲ, ಅಳಿಯ ತೆಗೆದ. ಸಂಜೆ ಮೊಮ್ಮಗಳು ಐದು ಬತ್ತಿ ಊದಿದಳು. ನಾನು ಬಾಯಿ ಬಿಗಿಹಿಡಿದು ನಿಂತೆ. ಬೆಣ್ಣೆಯ ಮೇಲೆ ಮಕ್ಕಳ ಉಗುಳು ಬೀಳುವ ಆ ಪದ್ಧತಿ ನನಗೆ ಈಗಲೂ ಸೇರದು. ಪಕ್ಕದಲ್ಲಿ ಸಕ್ಕರೆಯ ಗೌರಿಯನ್ನೂ ಇಟ್ಟಿದ್ದೆವು. "ಇಕಿ ಯಾರು, ಅಜ್ಜಿ? ಇಕೀಗೆ ಯಾಕ ಬಣ್ಣ ಇಲ್ಲ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಅವಳ ಕಮಲವನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಆರತಿಗೆಂದು ಬೇರೆ ಗೌರಿಯನ್ನು ಮಾಡಿಟ್ಟಿದ್ದೆವು, ಪುಣ್ಯ. ಕೇಕು ಅರ್ಧವಾಗುವುದರೊಳಗೆ ಬಾರ್ಬಿಯನ್ನು ಕಿತ್ತು ಬಚ್ಚಲಿಗೆ ಒಯ್ದು ಕಾಲು ತೊಳೆದಾಯಿತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಸಪ್ಪಳವಾಯಿತು. ಮಗಳು ನೆಲದ ಮೇಲೆ ಕೂತು, ತಾಟಿನಲ್ಲಿ ಉಳಿದ ಲಂಗದ ಅಂಚನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದಳು. ನನ್ನನ್ನು ಕಂಡು ಸರಿದು ಜಾಗ ಮಾಡಿದಳು. ಅವಳಿಗೆ ಹೇಳಬೇಕಾದ ಮಾತುಗಳನ್ನು ನಾಲ್ಕು ದಿನದಿಂದ ಜೋಡಿಸಿಕೊಂಡಿದ್ದೆ. "ಆವಾಗ ನನಗ ಮಾಡಾಕ ಬರತಿರಲಿಲ್ಲವ್ವಾ, ಅದಕ್ಕ" ಎಂಬಷ್ಟೇ ಹೊರಗೆ ಬಂತು.

"ಗೊತ್ತಿತ್ತು" ಎಂದಳು. ಇನ್ನೊಂದು ಸಲ ಬೆರಳು ಬಳಿದು, "ಬರೋ ಜನವರಿಗೆ ನನಗ ಮೂವತ್ತು" ಎಂದಳು.

ಅಚ್ಚುಗಳನ್ನು ತೊಳೆದು ಒಣಗಿಸಿದೆ. ಅಟ್ಟಕ್ಕೆ ಏರಿಸಲಿಲ್ಲ.